ಕಬ್ಬಿಣ ಕಡಿಯೋ ಸಾಫ್ಟ್‌ವೇರಿಗೆ ಏನು ಕೊಡಬಹುದು?

ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಕೈಜೋಡಿಸುವುದು ಹೇಗೆ ಅಂತ ಯಾರನ್ನೇ ಕೇಳಿ, ಒಂದೇ ಪಟ್ಟಿ ಒಪ್ಪಿಸ್ತಾರೆ. ಮೊದಲು ಕೋಡ್ ಬರೀರಿ. ಅದು ಬರಲ್ವಾ, ತಪ್ಪು ಹುಡುಕಿ ತಿಳಿಸಿ. ಅದೂ ಆಗಲ್ವಾ, ಕೈಪಿಡಿ ತಿದ್ದಿ. ಏನೂ ಬರದಿದ್ದರೆ ಅನುವಾದ ಮಾಡಿ, ನಾಲ್ಕು ಜನಕ್ಕೆ ಹೇಳಿ. ಮದುವೆ ಮನೆ ಊಟದ ಹಾಗೆ ಇದರಲ್ಲೂ ಮೊದಲ ಪಂಕ್ತಿ, ಕೊನೇ ಪಂಕ್ತಿ ಅಂತ ಇದೆ. ವೆಬ್‌ಸೈಟ್ ಕಟ್ಟೋ ಸಾಫ್ಟ್‌ವೇರಿಗೆ ಈ ಪಟ್ಟಿ ಸರಿಯಿರಬಹುದು. ಯಂತ್ರ ಓಡಿಸೋ ಸಾಫ್ಟ್‌ವೇರಿಗೆ ಇದು ತಲೆಕೆಳಗಾಗಿದೆ ಅನ್ನೋದು ನನ್ನ ತಕರಾರು.

ಲಿನಕ್ಸ್‌ಸಿಎನ್‌ಸಿಯನ್ನೇ ತಗೊಳ್ಳಿ. ಲೇತ್, ಮಿಲ್ಲಿಂಗ್, ರೂಟರ್, ಪ್ಲಾಸ್ಮಾ ಕಟಿಂಗ್ ಯಂತ್ರಗಳನ್ನು ಮಾಮೂಲಿ ಕಂಪ್ಯೂಟರಿನಿಂದ ಓಡಿಸುವ ತಂತ್ರಾಂಶ ಇದು. ಇದರ ಬೇರು ಇರೋದು 1990ರ ದಶಕದ ಅಮೆರಿಕದ ಎನ್‌ಐಎಸ್‌ಟಿ ಅನ್ನೋ ಸರ್ಕಾರಿ ಸಂಸ್ಥೆಯಲ್ಲಿ. ಆಗಿನ ಹೆಸರು ಇಎಂಸಿ. ಸರ್ಕಾರದ ಕೆಲಸವಾದ್ದರಿಂದ ಅದರ ಕೋಡ್ ಸಾರ್ವಜನಿಕ ಸ್ವತ್ತಾಯಿತು, ಆಮೇಲೆ ಹವ್ಯಾಸಿಗಳೂ ಸಣ್ಣ ವರ್ಕ್‌ಶಾಪಿನವರೂ ಸೇರಿ ಬೆಳೆಸಿದರು. ಇಎಂಸಿ ಅನ್ನೋದು ಬೇರೊಂದು ದೊಡ್ಡ ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ ಹೆಸರು ಬದಲಾಯಿಸಬೇಕಾಯಿತು. 2023ರ ಡೆಬಿಯನ್ 12ರಿಂದ ಇದನ್ನು ಅಲ್ಲಿಂದಲೇ ಹಾಕಿಕೊಳ್ಳಬಹುದು.

ಈ ತಂತ್ರಾಂಶದ ಜೀವ ಇರೋದು ಹೊತ್ತಿಗೆ ಸರಿಯಾಗಿ ಕೆಲಸ ಮಾಡೋದರಲ್ಲಿ. ಸ್ಟೆಪ್ಪರ್ ಮೋಟರಿಗೆ ಕಂಪ್ಯೂಟರೇ ನೇರವಾಗಿ ಪಲ್ಸ್ ಕೊಡ್ತಿದೆ ಅಂದುಕೊಳ್ಳಿ. 25 ಮೈಕ್ರೋಸೆಕೆಂಡಿಗೊಂದು ಸಲ, ಅಂದರೆ ಸೆಕೆಂಡಿಗೆ 40,000 ಸಲ, ಈಗ ಪಲ್ಸ್ ಕೊಡಬೇಕೋ ಬೇಡವೋ ಅಂತ ಅದು ನೋಡಬೇಕು. ನಡುವೆ ಗ್ರಾಫಿಕ್ಸ್ ಕಾರ್ಡೋ, ಬಯಾಸಿನ ವಿದ್ಯುತ್ ಉಳಿಸೋ ವ್ಯವಸ್ಥೆಯೋ ಗಮನ ಬೇರೆ ಕಡೆ ಎಳೆದರೆ ಪಲ್ಸ್ ತಡವಾಗುತ್ತೆ. ಮೋಟರ್ ಒಂದು ಹೆಜ್ಜೆ ತಪ್ಪುತ್ತೆ. ತಪ್ಪಿದ್ದು ಕಂಪ್ಯೂಟರಿಗೆ ಗೊತ್ತೇ ಆಗಲ್ಲ, ಯಾಕಂದ್ರೆ ಸಾಮಾನ್ಯ ಸ್ಟೆಪ್ಪರ್ ತಾನೆಲ್ಲಿದ್ದೀನಿ ಅಂತ ವಾಪಸ್ ಹೇಳಲ್ಲ. ಪರದೆ ಮೇಲೆ ಎಲ್ಲ ಸರಿ ಇರುತ್ತೆ, ಜಾಬ್ ಮಾತ್ರ ಗುಜರಿಗೆ. ಟೂಲ್ ಮುರಿದು ಹಾರಿದರೆ ಎದುರು ನಿಂತವನ ಕಣ್ಣು ಅವನ ಅದೃಷ್ಟ. ಪಲ್ಸ್ ಕೆಲಸವನ್ನು ಬೇರೆ ಕಾರ್ಡಿಗೆ ವಹಿಸಿದರೆ ಕಂಪ್ಯೂಟರಿಗೆ ಮಿಲಿಸೆಕೆಂಡಿನಷ್ಟು ಉಸಿರಾಡೋ ಬಿಡುವು ಸಿಗುತ್ತೆ. ಆದರೆ ಆ ಕಾರ್ಡಿಗೆ ದುಡ್ಡು ಬೇಕು.

ಕಂಪ್ಯೂಟರ್ ಎಷ್ಟು ತಡ ಮಾಡುತ್ತೆ ಅಂತ ಅಳೆಯೋಕೆ ಇದರ ಜೊತೆಗೇ ಲೇಟೆನ್ಸಿ ಟೆಸ್ಟ್ ಬರುತ್ತೆ. ಅದನ್ನು ಓಡಿಸಿ, ಜೊತೆಗೆ ಬ್ರೌಸರ್ ತೆಗೆದು, ಕಿಟಕಿಗಳನ್ನು ಎಳೆದಾಡಿ, ಕಂಪ್ಯೂಟರಿಗೆ ಸಾಕುಸಾಕು ಮಾಡಿ, ಅತಿ ಹೆಚ್ಚು ತಡ ಎಷ್ಟು ನ್ಯಾನೋಸೆಕೆಂಡ್ ಅಂತ ನೋಡಬೇಕು. ಉತ್ತರ ಒಂದೊಂದು ಮದರ್‌ಬೋರ್ಡಿಗೂ ಬೇರೆ. ಜಗತ್ತಿನ ಎಂಥ ದೊಡ್ಡ ಪ್ರೋಗ್ರಾಮರ್ ಹತ್ತಿರವೂ ಎಲ್ಲ ಮದರ್‌ಬೋರ್ಡೂ ಇರಲ್ಲ ಅಲ್ವಾ? 2024ರ ಲಿನಕ್ಸ್ 6.12ರಲ್ಲಿ ರಿಯಲ್‌ಟೈಮ್ ಸೌಕರ್ಯ ಮುಖ್ಯ ಕರ್ನಲ್ಲಿಗೇ ಸೇರಿಕೊಂಡಿತು, ಖುಷಿಯ ವಿಷಯವೇ. ಆದರೆ ಕರ್ನಲ್ ಬದಲಾದಾಗ ಅಳತೆಯನ್ನು ಮತ್ತೆ ಮಾಡಬೇಕು. ಈ ಬೋರ್ಡು, ಈ ಕರ್ನಲ್ಲು, ಇಷ್ಟು ತಡ, ಇಂಥ ಕೆಲಸ ಮಾಡುವಾಗ ಜಿಗಿಯಿತು ಅಂತ ನಾಲ್ಕು ಸಾಲು ಬರೆದು ಕಳಿಸುವ ವರ್ಕ್‌ಶಾಪಿನವನು ಕೊಡೋದನ್ನು ಇನ್ಯಾರೂ ಕೊಡಲಾರರು. ನಮ್ಮ ಪಟ್ಟಿಯಲ್ಲಿ ಅವನಿಗೆ ಎರಡನೇ ಪಂಕ್ತಿ. ಹಾಗಂತ 'ಮೆಷೀನ್ ನಿಂತೋಯ್ತು, ಅರ್ಜೆಂಟ್ ಹೆಲ್ಪ್ ಮಾಡಿ' ಅನ್ನೋದನ್ನೂ ಕೊಡುಗೆ ಅಂತ ಲೆಕ್ಕ ಹಿಡಿಯೋಕಾಗಲ್ಲ, ಬಿಡಿ.

ಇನ್ನೊಂದು ವಿಷಯ. ಈ ತಂತ್ರಾಂಶದಲ್ಲಿ ಹ್ಯಾಲ್ ಅಂತ ಒಂದು ಪದರ ಇದೆ. ಪಿನ್ನುಗಳು, ಅವನ್ನು ಜೋಡಿಸುವ ಸಿಗ್ನಲ್ಲುಗಳು; ಪ್ಯಾನೆಲ್ ಒಳಗಿನ ವೈರಿಂಗನ್ನೇ ಅಕ್ಷರದಲ್ಲಿ ಬರೆದ ಹಾಗೆ. ಜೊತೆಗೆ ಲ್ಯಾಡರ್ ಬರೆಯೋ ಸೌಲಭ್ಯವೂ ಉಂಟು. ಹತ್ತು ವರ್ಷ ಜಾವಾ ಬರೆದವರಿಗೆ ಹ್ಯಾಲ್ ಫೈಲ್ ತೋರಿಸಿ ನೋಡಿದ್ದೀನಿ, ತಲೆ ಕೆರೆದುಕೊಳ್ತಾರೆ. ಪ್ಯಾನೆಲ್ ವೈರಿಂಗ್ ಮಾಡೋ ಎಲೆಕ್ಟ್ರಿಷಿಯನ್ನಿಗೆ ತೋರಿಸಿದರೆ, 'ಓ, ಇದು ಲಿಮಿಟ್ ಸ್ವಿಚ್ಚಿಂದ ಬರೋ ಲೈನಾ ಸಾರ್?' ಅಂತಾನೆ. ಆದರೆ ಅವನನ್ನು ಕರೆಯೋರು ಯಾರು? ಬೆಂಗಳೂರಿನ ಒಂದು ತುದಿಗೆ ಪೀಣ್ಯ, ಇನ್ನೊಂದು ತುದಿಗೆ ಎಲೆಕ್ಟ್ರಾನಿಕ್ ಸಿಟಿ. ಯಂತ್ರವೂ ಸಾಫ್ಟ್‌ವೇರೂ ಇಷ್ಟು ಹತ್ತಿರ ಇದ್ದುಕೊಂಡು ಇಷ್ಟು ಕಡಿಮೆ ಮಾತಾಡಿಕೊಳ್ಳೋ ಊರು ಇನ್ನೊಂದಿರಲಿಕ್ಕಿಲ್ಲ.

ನಮ್ಮ ಕಾಲೇಜು ಹುಡುಗರು ಕೊಡುಗೆ ಅಂದರೆ ಏನಂದುಕೊಂಡಿದ್ದಾರೆ ನೋಡಿ. ಹ್ಯಾಕ್ಟೋಬರ್‌ಫೆಸ್ಟ್ ಅಂತ ಅಕ್ಟೋಬರಿನಲ್ಲಿ ಒಂದು ಹಬ್ಬ ನಡೆಯುತ್ತೆ. 2020ರಲ್ಲಿ ನಾಲ್ಕು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಅಂದಿದ್ದಕ್ಕೆ, ಒಂದು ಪದ ಸೇರಿಸಿದ, ಒಂದು ಚುಕ್ಕೆ ಇಟ್ಟ ತಿದ್ದುಪಡಿಗಳು ಜಗತ್ತಿನಾದ್ಯಂತದ ಪ್ರಾಜೆಕ್ಟುಗಳ ಮೇಲೆ ಸುರಿದವು. ಕೊನೆಗೆ ಹಬ್ಬ ನಡೆಯುತ್ತಿರುವಾಗಲೇ, ಒಪ್ಪಿಕೊಂಡ ಪ್ರಾಜೆಕ್ಟುಗಳಿಗೆ ಮಾತ್ರ ಅಂತ ನಿಯಮ ಬದಲಾಯಿಸಬೇಕಾಯಿತು. ವೆಬ್‌ಸೈಟಾದರೆ ಇದು ಬರೀ ಕಿರಿಕಿರಿ. ಟೂಲು ಯಾವ ವೇಗದಲ್ಲಿ ಮೂಲೆ ತಿರುಗಬೇಕು ಅಂತ ಲೆಕ್ಕ ಹಾಕೋ ಕೋಡಿಗೆ ಯಾರೋ ರೆಸ್ಯೂಮೆಗೋಸ್ಕರ ಕೈ ಹಾಕಿದರೆ? ಅಂಥ ಬದಲಾವಣೆಯನ್ನು ಹಿರಿಯರು ಹತ್ತು ಪ್ರಶ್ನೆ ಕೇಳಿ, ತಡ ಮಾಡಿ ಒಳಗೆ ಬಿಟ್ಟರೆ ನನಗೇನೂ ಬೇಜಾರಿಲ್ಲ. ಯಂತ್ರ ಇಲ್ಲದವರಿಗೆ ಸಿಮ್ಯುಲೇಟರ್ ಇದೆ. ಪರದೆಯ ವಿನ್ಯಾಸ, ಪರೀಕ್ಷೆಗಳು ಇಂಥವನ್ನು ಅಲ್ಲಿ ಧೈರ್ಯವಾಗಿ ಮಾಡಬಹುದು.

ಪ್ರಾಜೆಕ್ಟಿನ ಕಡೆಯೂ ತಪ್ಪಿದೆ. ಕೈಪಿಡಿ ದಪ್ಪಗಿದೆ, ವಿಷಯ ಎಲ್ಲವೂ ಇದೆ, ಆದರೆ ಅರ್ಧ ಕಲಿತವನಿಗೇ ಬರೆದ ಹಾಗಿದೆ. ಮೊದಲ ಸಲ ಯಂತ್ರದ ಮುಂದೆ ನಿಂತವನು ಎಲ್ಲಿ ಮುಗ್ಗರಿಸ್ತಾನೆ ಅಂತ ಬರೆದವರಿಗೆ ಮರೆತೇ ಹೋಗಿದೆ. ಈಚೆಗೆ ಅನುವಾದಕ್ಕೆ ದಾರಿ ಸಲೀಸಾಗಿದೆ, ಕನ್ನಡಕ್ಕೂ ಯಾರಾದರೂ ಹೊರಡಬಹುದು. ಹೊರಡೋರಿಗೆ ಒಂದೇ ಬೇಡಿಕೆ: ವರ್ಕ್ ಆಫ್‌ಸೆಟ್ ಅನ್ನೋದನ್ನು 'ಕಾರ್ಯವಸ್ತು ಸ್ಥಾನಾಂತರಾಂಕ' ಅಂತ ಮಾಡಬೇಡಿ, ಪುಣ್ಯ ಬರುತ್ತೆ. ಶಾಪ್‌ನಲ್ಲಿ ಆಫ್‌ಸೆಟ್ ಆಫ್‌ಸೆಟ್ಟೇ, ಜಾಗ್ ಜಾಗೇ. ಕನ್ನಡ ಬೇಕಾಗಿರೋದು ಅವುಗಳ ನಡುವಿನ ವಾಕ್ಯಕ್ಕೆ. ಎಮರ್ಜೆನ್ಸಿ ಸ್ಟಾಪನ್ನು ಸಾಫ್ಟ್‌ವೇರಿನ ಭರವಸೆಗೆ ಬಿಡಬೇಡಿ, ಒತ್ತಿದ ಕೂಡಲೇ ಮೋಟರಿನ ಕರೆಂಟೇ ಹೋಗೋ ಹಾಗೆ ವೈರಿಂಗ್ ಮಾಡಿ, ಅನ್ನೋ ಒಂದು ಎಚ್ಚರಿಕೆ ಆಪರೇಟರಿಗೆ ತಿಳಿಯೋ ಕನ್ನಡದಲ್ಲಿ ಗೋಡೆ ಮೇಲಿದ್ದರೂ ಸಾಕು. ಇದನ್ನು ಪಟ್ಟಿಯ ಕೊನೇ ಪಂಕ್ತಿಗೆ ಕೂರಿಸಿದವರು ಯಾರೋ, ನಾನಂತೂ ಒಪ್ಪಲ್ಲ.

ಕೊಡೋ ಮಾತು ಹಾಗಿರಲಿ, ತಗೊಂಡೋರ ಕಥೆ ಕೇಳಿ. ನನ್ನ ಗೆಳೆಯನೊಬ್ಬ ಬಾಗಿಲ ಮೇಲೆ ಕೆತ್ತನೆ ಮಾಡೋ ರೂಟರ್ ಕೊಂಡ. ತೆರೆದು ನೋಡಿದರೆ ಒಳಗಿರೋದು ಇದೇ ಲಿನಕ್ಸ್‌ಸಿಎನ್‌ಸಿ, ಮೇಲೆ ಮಾರಿದವರ ಲೋಗೋ, ಫೈಲುಗಳಿಗೆಲ್ಲ ಪಾಸ್‌ವರ್ಡ್. ಇದು ಜಿಪಿಎಲ್ ತಂತ್ರಾಂಶ, ಕೊಂಡವನು ಕೇಳಿದರೆ ಸೋರ್ಸ್ ಕೊಡಬೇಕು ಅಂದರೆ, 'ಅದು ನಮ್ಮ ಸೀಕ್ರೆಟ್ ಸಾರ್' ಅಂದರು. ಎರಡು ವರ್ಷಕ್ಕೆ ಹಾರ್ಡ್ ಡಿಸ್ಕ್ ಸತ್ತಿತು. ಮಾರಿದವರು ಫೋನ್ ಎತ್ತಲಿಲ್ಲ. ಆರ್ಡರ್ ತಗೊಂಡಿದ್ದ ಹದಿನಾಲ್ಕು ಬಾಗಿಲು, ಗೃಹಪ್ರವೇಶದ ದಿನ ಗೊತ್ತಾಗಿದ್ದ ಗಿರಾಕಿಗಳು, ಸುಮ್ಮನೆ ಕೂತು ಸಂಬಳ ಎಣಿಸುತ್ತಿದ್ದ ಇಬ್ಬರು ಹುಡುಗರು. ಹೊಸ ಡಿಸ್ಕಿಗೆ ತಂತ್ರಾಂಶ ಹಾಕೋಕೆ ಒಂದು ಗಂಟೆ ಸಾಕಾಯಿತು. ಆದರೆ ಯಾವ ಪಿನ್ ಯಾವ ಮೋಟರಿಗೆ, ಎಷ್ಟು ಪಲ್ಸಿಗೆ ಒಂದು ಮಿಲಿಮೀಟರ್ ಅಂತ ಮಲ್ಟಿಮೀಟರ್ ಮತ್ತು ಸ್ಕೇಲ್ ಹಿಡಿದು ಮೊದಲಿಂದ ಹುಡುಕೋದರಲ್ಲಿ ಎರಡು ಭಾನುವಾರ ಹೋಯಿತು. ಆ ಫೈಲುಗಳ ಒಂದೊಂದು ಸಾಲಿಗೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಟಿಪ್ಪಣಿ ಹಾಕಿ, ಯಾರು ಬೇಕಾದರೂ ತಗೊಳ್ಳಲಿ ಅಂತ ಹೊರಗಿಟ್ಟಿದ್ದೇವೆ. ಅದೇ ಕಂಪನಿಯ ಯಂತ್ರ ಕೊಂಡಿರೋ ಇನ್ನಿಬ್ಬರು ಆಗಲೇ ತಗೊಂಡೂ ಹೋದರು.