ಒಂದು ಸಿಲಿಂಡರ್, ಎರಡು ಸೈಲೆನ್ಸರ್

ಮೈಸೂರಿನ ಜಾವಾ ಬೈಕಿಗೆ ಸಿಲಿಂಡರ್ ಒಂದೇ. ಸೈಲೆನ್ಸರ್ ಮಾತ್ರ ಎರಡು. ಬೋರ್‌ನ ಮುಂಭಾಗದಲ್ಲಿ ಹೊಗೆ ಹೋಗಲು ಎರಡು ಬಾಯಿ ಇರುತ್ತವೆ. ಎಡಕ್ಕೊಂದು, ಬಲಕ್ಕೊಂದು ಕೊಳವೆ ಬಾಗಿ ಇಳಿದು ಹಿಂದಿನ ಚಕ್ರದ ಎರಡೂ ಬದಿಗೆ ಸಾಗುತ್ತದೆ. ಹಿಂದೆ ನಿಂತು ನೋಡಿದರೆ ಎಡಬಲ ತೂಗಿಟ್ಟಂತೆ ಸಮ. ಮುಂದೆ ಬಂದರೆ ಮೆರೂನ್ ಬಣ್ಣದ ಟ್ಯಾಂಕು, ಅದರ ಕೆನ್ನೆಗೆ ಹೊಳೆಯುವ ಕ್ರೋಮ್, ಎರಡರ ನಡುವೆ ಬಂಗಾರದ ಬಣ್ಣದ ಒಂದು ಸಣ್ಣ ಗೆರೆ. ಎಂಜಿನ್ನಿನ ಎರಡು ಬದಿಯ ಮುಚ್ಚಳಗಳು ನುಣುಪಾಗಿ ಉರುಟಾಗಿವೆ. ಕಾರ್ಬೊರೇಟರ್ ಒಂದು ಕವಚದೊಳಗೆ, ಹಿಂದಿನ ಚೈನು ತಗಡಿನ ಪೆಟ್ಟಿಗೆಯೊಳಗೆ. ಎಣ್ಣೆ ಜಿಡ್ಡಿನ ಸಂಸಾರವನ್ನೆಲ್ಲ ಒಳಗಿಟ್ಟುಕೊಂಡು ಹೊರಗೆ ಮರ್ಯಾದೆಯಿಂದ ನಿಲ್ಲುವ ಗಾಡಿ ಇದು. ನಾನು ನೋಡಿದ ಮೋಟಾರ್ ಸೈಕಲ್ಲುಗಳಲ್ಲಿ ಇಷ್ಟು ಗಂಭೀರವಾದದ್ದು ಇನ್ನೊಂದಿಲ್ಲ.

ಅಂಥದೊಂದು ಜಾವಾ ತೊಗರ್ಸಿಯಲ್ಲಿ ನನ್ನ ಸೋದರಮಾವನ ಮನೆಯ ಹಿತ್ತಲ ಕೋಣೆಯಲ್ಲಿ, ಅಡಿಕೆ ಬೇಯಿಸುವ ಹಂಡೆಗಳ ಪಕ್ಕ, ವರ್ಷಾನುಗಟ್ಟಲೆ ನಿಂತಿತ್ತು. ತೊಗರ್ಸಿ ಶಿಕಾರಿಪುರ ತಾಲ್ಲೂಕಿನ ಊರು. ಗುಡ್ಡದ ಮೇಲಿನ ಮಲ್ಲಿಕಾರ್ಜುನನಿಂದ ಹೆಸರಾದದ್ದು. ಅತ್ತ ಬಯಲುಸೀಮೆ, ಇತ್ತ ಸೊರಬದ ಕಡೆಯ ಮಲೆನಾಡು, ಎರಡೂ ಇಲ್ಲಿ ಕೈ ಕೂಡಿಸುತ್ತವೆ. ಮೆಕ್ಕೆಜೋಳವೂ ಉಂಟು, ಅಡಿಕೆಯೂ ಉಂಟು. ಗಾಡಿಯ ಮಟ್ಟಿಗೆ ಮುಖ್ಯವಾದದ್ದು ಮಳೆ. ಮುಂಗಾರಿನ ತಿಂಗಳುಗಳಲ್ಲಿ ಗೋಡೆ ಒಣಗುವುದಿಲ್ಲ, ಬಟ್ಟೆ ಒಣಗುವುದಿಲ್ಲ. ನಿಂತ ಕಬ್ಬಿಣ ಹೇಗೆ ಒಣಗೀತು? ಕ್ರೋಮಿನ ಲೇಪ ಬಹಳ ತೆಳುವಾದದ್ದು. ಅದರಲ್ಲಿ ಸೂಜಿಮೊನೆಯಷ್ಟು ತೂತಾದರೆ ಸಾಕು, ತೇವ ಒಳಹೊಕ್ಕು ಕೆಳಗಿನ ಉಕ್ಕನ್ನು ತಿನ್ನತೊಡಗುತ್ತದೆ. ಅಲ್ಯೂಮಿನಿಯಂ ಮುಚ್ಚಳಗಳ ಮೇಲೆ ಬಿಳಿ ಪುಡಿ ಏಳುತ್ತದೆ. ಸೀಟಿನ ಸ್ಪಂಜು ಇಲಿಗಳ ಪಾಲು. ಎಡಗಡೆಯ ಸೈಲೆನ್ಸರ್ ಬಾಯಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿ ಭದ್ರವಾಗಿ ಮುಚ್ಚಿಬಿಟ್ಟಿತ್ತು.

ಈ ಗಾಡಿ ನಮ್ಮದೇ ನಾಡಿನಲ್ಲಿ ಹುಟ್ಟಿದ್ದು ಎಂಬುದನ್ನು ಇಲ್ಲೇ ಹೇಳಬೇಕು. ಪ್ರಾಗ್‌ನಲ್ಲಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಶುರುಮಾಡಿದ ಕಂಪನಿಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1961ರಿಂದ ಬೈಕುಗಳು ಹೊರಬಂದವು. ರಾಜ್ಯದ ಹೆಸರು ಕರ್ನಾಟಕ ಎಂದಾದ 1973ರ ಸುಮಾರಿಗೇ ಗಾಡಿಯ ಹೆಸರೂ ಯೆಜ್ಡಿ ಎಂದಾಯಿತು. ರೋಡ್‌ಕಿಂಗ್ ಎಂಬ ಮಾದರಿ ಬಂತು, ಹೆಸರು ಮಾಡಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಹೊಸ ಕಂಪನಿಯಿಂದ ಮತ್ತೆ ಬಂದಾಗ ಎಂಜಿನ್ ಪೂರ್ತಿ ಬೇರೆ ಜಾತಿಯದು, ಫೋರ್ ಸ್ಟ್ರೋಕ್, ನೀರಿನಿಂದ ತಣಿಯುವಂಥದ್ದು. ಆದರೂ ಒಂದು ಸಿಲಿಂಡರಿಗೆ ಎರಡು ಸೈಲೆನ್ಸರನ್ನು ಅವರು ಬಿಡಲಿಲ್ಲ. ಆ ಜೋಡಿ ಕೊಳವೆ ಜನರ ಕಣ್ಣಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎನ್ನಲು ಬೇರೆ ಸಾಕ್ಷಿ ಬೇಡ.

ನಿಂತ ಗಾಡಿಯನ್ನು ಎಬ್ಬಿಸುವಾಗ ಮೊದಲು ಮಾಡಬಾರದ ಕೆಲಸ ಕಿಕ್ ಹೊಡೆಯುವುದು. ಶಿರಾಳಕೊಪ್ಪದಿಂದ ಬಂದ ಹಿರಿಯ ಮೇಸ್ತ್ರಿ ಅದನ್ನು ಮುಟ್ಟಗೊಡಲಿಲ್ಲ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡೀಸೆಲ್ ಮತ್ತು ಆಯಿಲ್ ಬೆರೆಸಿ ಸುರಿದು, ಬಟ್ಟೆ ಮುಚ್ಚಿ ಎದ್ದುಬಿಟ್ಟರು. ಮಾವನಿಗೆ ತಡೆಯದು. "ಜಾಮ್ ಆಗೈತೇನೋ?" ಎಂದು ಎರಡು ಸಲ ಕೇಳಿದರು. ಮೇಸ್ತ್ರಿ ಹೇಳಿದ್ದಿಷ್ಟು: "ಜಾಮ್ ಅಲ್ರೀ ಗೌಡ್ರೆ, ಹಿಡ್ಕಂಡೈತಿ ಅಷ್ಟೆ. ಅವಸರ ಮಾಡಿದ್ರೆ ರಿಂಗು ಮುರೀತಾವು. ಎಣ್ಣಿ ತನ್ನ ಕೆಲಸ ತಾನು ಮಾಡ್ಲಿ, ಬಿಡ್ರಿ."

ಅವರ ಮಾತಿನಲ್ಲಿ ಸೂಕ್ಷ್ಮವಿದೆ. ಸಿಲಿಂಡರ್ ಬೀಡು ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂನದು, ರಿಂಗು ಮತ್ತೆ ಬೀಡಿನದು. ತುಕ್ಕು ಹಿಡಿಯುವುದು ರಿಂಗಿಗೂ ಬೋರಿಗೂ ನಡುವಿನ ಕೂದಲೆಳೆಯ ಸಂದಿನಲ್ಲಿ. ಬಲ ಹಾಕಿ ಬಿಡಿಸಹೊರಟರೆ ಟೂ ಸ್ಟ್ರೋಕಿನಲ್ಲಿ ಇನ್ನೊಂದು ಅಪಾಯವೂ ಉಂಟು: ಗೋಡೆಯಲ್ಲಿ ಗಾಳಿ ಬರುವ, ಹೊಗೆ ಹೋಗುವ ಕಿಂಡಿಗಳಿವೆ, ಮುರಿದ ರಿಂಗಿನ ತುದಿ ಅವುಗಳಲ್ಲಿ ಸಿಕ್ಕಿಕೊಂಡರೆ ಸಿಲಿಂಡರೇ ಹೋಯಿತು. ಎಣ್ಣೆ ಇಳಿಯಲು ದಿನಗಳು ಬೇಕು. ಆಮೇಲೆ ಗೇರು ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಡಿದು, ಮುಂದಕ್ಕಿಷ್ಟು ಹಿಂದಕ್ಕಿಷ್ಟು ಅಲುಗಿಸುತ್ತಾ ಹೋಗಬೇಕು. ಒಂದು ಹಂತದಲ್ಲಿ ಕೈಗೆ ತಿಳಿಯುತ್ತದೆ. ಒಳಗೆ ಯಾವುದೋ ಒಂದು ಹಿಡಿತ ಸಡಿಲಿತು, ಪಿಸ್ಟನ್ ಒಂದು ನೂಲು ಸರಿಯಿತು. ಕಣ್ಣಿಗೆ ಏನೂ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಅಂಗೈಗೆ ಮಾತ್ರ ಬರುವ ಸುದ್ದಿ ಅದು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ರುಚಿಸಿದ ಗಳಿಗೆ ಇದೇ, ಗಾಡಿ ಶುರುವಾದ ಗಳಿಗೆಗಿಂತಲೂ ಹೆಚ್ಚು.

ಬಿಚ್ಚಿದ ಮೇಲೆ ಯಂತ್ರ ತನ್ನನ್ನು ತಾನೇ ವಿವರಿಸಿಕೊಳ್ಳುತ್ತದೆ. ವಾಲ್ವಿಲ್ಲ, ಕ್ಯಾಮಿಲ್ಲ. 65 ಮಿ.ಮೀ. ಅಗಲದ ಬೋರು, 75 ಮಿ.ಮೀ. ಉದ್ದದ ಸ್ಟ್ರೋಕು, 250 ಸಿ.ಸಿ.ಗೆ ಕೊಂಚ ಕಡಿಮೆ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್‌ಕೇಸ್ ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಇಳಿಯುವಾಗ ಅದನ್ನು ಒತ್ತಿ ಮೇಲಕ್ಕೆ ಕಳಿಸುತ್ತದೆ. ಅಂದರೆ ಈ ಎಂಜಿನ್ ಹೊಟ್ಟೆಯಿಂದ ಉಸಿರಾಡುವಂಥದ್ದು. ಹಾಗಾಗಿ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳ ಮೇಲೆ ಇದರ ಜೀವ ನಿಂತಿದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ರಬ್ಬರು ಒಣಗಿ ಗಡುಸಾಗಿರುತ್ತದೆ. ಎಡಗಡೆಯದು ಸೋತರೆ ಕ್ಲಚ್ ಕಡೆಯ ಎಣ್ಣೆ ಒಳಗೆ ಸೆಳೆದು ಬೀದಿ ತುಂಬ ಹೊಗೆ. ಡೈನಮೊ ಇರುವ ಬಲಗಡೆಯದು ಸೋತರೆ ಕಳ್ಳಗಾಳಿ ಹೊಕ್ಕು ಎಂಜಿನ್ ಮಿತಿಮೀರಿ ಕಾಯುತ್ತದೆ. ಸೀಲಿನ ಬೆಲೆ ಅಲ್ಪ. ಅದನ್ನು ಬದಲಿಸಲು ಬಿಚ್ಚಬೇಕಾದದ್ದು ಬಹಳ. ಬಣ್ಣಕ್ಕೆ ಸಾವಿರಾರು ರೂಪಾಯಿ ಸುರಿದು ಸೀಲು ಬದಲಿಸದೆ ಬಿಟ್ಟ ಗಾಡಿಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನೋಡಲು ಚೆಂದ, ಉಸಿರು ಮಾತ್ರ ಬೇರೆಯವರದು.

ಕ್ಲಚ್ ತೆರೆದರೆ ಬಿರಡೆಮರದ ತೊಗಟೆ ಕೂರಿಸಿದ ಪ್ಲೇಟುಗಳು, ಎಣ್ಣೆಯಲ್ಲಿ ನೆನೆದು ಕೆಲಸ ಮಾಡುವಂಥವು. ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಿ ಸೀಮೆಎಣ್ಣೆಯಲ್ಲಿ ತೊಳೆದದ್ದಾಯಿತು. ಬಿಡಿ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯೇ ಗತಿ. ಹಳೆಯ 'ಕಂಪನಿ ಮಾಲು' ಸಿಕ್ಕರೆ ಮೇಸ್ತ್ರಿಯ ಮುಖ ಅರಳುತ್ತದೆ.

ಪಾಯಿಂಟಿನ ಕೆಲಸವನ್ನು ಮಾತ್ರ ನಿಧಾನವಾಗಿ ಹೇಳಬೇಕು. ಕಿಡಿ ಹಾರುವುದು ಪಾಯಿಂಟಿನ ಎರಡು ತುದಿ ಬೇರಾಗುವ ಕ್ಷಣದಲ್ಲಿ. ಅವುಗಳ ನಡುವಿನ ಅಂತರ 0.4 ಮಿ.ಮೀ. ಇದ್ದರೆ ಸರಿ, ಅದಕ್ಕೆ ಗೇಜಿದೆ. ಆದರೆ ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಎಷ್ಟು ಮೊದಲು ಅವು ಬೇರಾಗುತ್ತವೆ ಎಂದು ಹಿಡಿಯುವುದು ಹೇಗೆ? ಮೇಸ್ತ್ರಿ ಸಿಗರೇಟ್ ಪ್ಯಾಕಿನೊಳಗಿನ ತೆಳು ಕಾಗದದ ಚೂರೊಂದನ್ನು ಪಾಯಿಂಟಿನ ನಡುವೆ ಸಿಕ್ಕಿಸಿ, ಎರಡು ಬೆರಳಲ್ಲಿ ಮೆಲ್ಲಗೆ ಎಳೆಯುತ್ತಾ, ಇನ್ನೊಂದು ಕೈಯಲ್ಲಿ ಎಂಜಿನ್ ತಿರುಗಿಸಿದರು. ಕಾಗದ ಬಿಗಿ, ಬಿಗಿ, ಬಿಗಿ, ತಟ್ಟನೆ ಜಾರಿತು. ಅಲ್ಲೇ ನಿಲ್ಲಿಸಿ ಪ್ಲಗ್ ತೂತಿನಿಂದ ಪಿಸ್ಟನ್ನಿನ ಆಳ ಅಳೆದರು. ತಿದ್ದಿದರು, ಮತ್ತೆ ಎಳೆದರು. ಸೊರಬದ ಗುಡಿಗಾರರು ಗಂಧದ ಮರದಲ್ಲಿ ಎಲೆಯ ನರ ಬಿಡಿಸುವಾಗ ಉಳಿಯನ್ನು ಹಿಡಿಯುವ ಹದವನ್ನು ಕಂಡವನು ನಾನು. ಅದೇ ಸೀಮೆಯ ಕೈ ಇದು ಎಂದು ಅಭಿಮಾನವೆನಿಸಿತು.

ಟ್ಯಾಂಕಿನ ಒಳಗೆ ಹಳೆಯ ಪೆಟ್ರೋಲು ಅಂಟಾಗಿ, ಅದರಡಿ ತುಕ್ಕು ಪದರಗಟ್ಟಿತ್ತು. ಅತ್ತೆ ಹಿತ್ತಾಳೆ ಕೊಡ ಬೆಳಗುವ ಹುಣಸೆಹಣ್ಣನ್ನೇ ಬಿಸಿನೀರಲ್ಲಿ ಕಿವುಚಿ ಕೊಟ್ಟರು. ಹುಣಸೆಯ ಆಮ್ಲ ತುಕ್ಕನ್ನು ಕರಗಿಸುತ್ತದೆ, ತಗಡನ್ನು ಅಷ್ಟಾಗಿ ನೋಯಿಸುವುದಿಲ್ಲ. ಸಣ್ಣ ಜಲ್ಲಿ ಹಾಕಿ ಕುಲುಕಿ, ಚೆನ್ನಾಗಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಕೂಡಲೇ ಆಯಿಲ್ ಬೆರೆತ ಪೆಟ್ರೋಲು ಆಡಿಸಿದರು. ತಡಮಾಡಿದರೆ ಬೆತ್ತಲಾದ ಕಬ್ಬಿಣ ಒಂದೇ ರಾತ್ರಿಯಲ್ಲಿ ಮತ್ತೆ ಕೆಂಪಾಗುತ್ತದೆ.

ಟ್ಯಾಂಕಿನ ಹೊರಮೈ ದೊಡ್ಡ ಚರ್ಚೆಗೆ ಕಾರಣವಾಯಿತು. ಮೊಣಕಾಲು ತಾಗುವಲ್ಲಿ ಮೆರೂನ್ ಮಾಸಿ ಒಳಗಿನ ಪ್ರೈಮರು ಕಾಣುತ್ತಿತ್ತು. ಬಂಗಾರದ ಗೆರೆ ಬಲಗಡೆ ಪೂರ್ತಿ ಇತ್ತು, ಎಡಗಡೆ ಅರ್ಧಕ್ಕೆ ಅಳಿಸಿತ್ತು. ಮಾವನ ಮಗನಿಗೆ ಎಲ್ಲ ಕೆರೆದು ಹೊಸ ಬಣ್ಣ, ಹೊಸ ಕ್ರೋಮ್ ಮಾಡಿಸುವ ಆಸೆ. ಶಿವಮೊಗ್ಗದಲ್ಲಿ ಮಾಡಿಕೊಡುವವರೂ ಇದ್ದಾರೆ. ನಾನು ಬೇಡವೆಂದೆ; ನನ್ನ ವಾದಕ್ಕೆ ಆಧಾರ ಶಿರಾಳಕೊಪ್ಪದ ಮಗ್ಗುಲಲ್ಲೇ ಇತ್ತು. ಬಳ್ಳಿಗಾವಿಯ ಕೇದಾರೇಶ್ವರ ಕಲ್ಯಾಣ ಚಾಲುಕ್ಯರ ಕಾಲದ ಗುಡಿ, ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಗೋಡೆ ವಾಲದಂತೆ, ಮಾಳಿಗೆ ಸೋರದಂತೆ ಇಲಾಖೆ ನೋಡಿಕೊಳ್ಳುತ್ತದೆ. ಸವೆದ ಶಿಲ್ಪದ ಮೂಗನ್ನು ಮತ್ತೆ ಕೆತ್ತಿಸುವುದಿಲ್ಲ. 1923ರಲ್ಲಿ ಜಾನ್ ಮಾರ್ಷಲ್ ಬರೆದ ಸಂರಕ್ಷಣೆಯ ಕೈಪಿಡಿಯಿಂದ ಬಂದ ಶಿಸ್ತು ಅದು: ನಿಲ್ಲಲು ಬೇಕಾದದ್ದನ್ನು ಗಟ್ಟಿಮಾಡು, ಕಳೆದುಹೋದ ಅಲಂಕಾರವನ್ನು ಊಹಿಸಿ ತುಂಬಬೇಡ. ಗಾಡಿಗೂ ಇದೇ ಸಲ್ಲುತ್ತದೆ ಎಂದು ನಾನು ನಂಬಿದ್ದೇನೆ. ಸೀಲು, ಬೇರಿಂಗು, ಬ್ರೇಕ್ ಲೈನರು, ಟೈರು, ವೈರಿಂಗು ಹೊಸದಾಗಲೇಬೇಕು. ಅಲ್ಲಿ ಹಳೆಯದನ್ನು ಉಳಿಸುವುದು ಜೀವಕ್ಕೆ ಅಪಾಯ. ಆದರೆ ಮೊಣಕಾಲು ಒರಸಿ ಮಾಸಿದ ಬಣ್ಣ ಆ ಗಾಡಿಯನ್ನು ಓಡಿಸಿದವರ ದೇಹದ ಗುರುತು. ಅದನ್ನು ಕೆರೆದರೆ ಮತ್ತೆ ಹಾಕಲು ಯಾವ ಪೇಂಟರಿಗೂ ಆಗದು. ಮಾವ ಕೊನೆಗೆ ಮಗನ ಕಡೆ ನೋಡಿ, "ಅಪ್ಪಾಜಿ ಕಾಲು ತಾಗಿದ ಜಾಗ ಕಣೋ, ಇರ್ಲಿ ಬಿಡು" ಎಂದರು. ತುಕ್ಕು ಮುಂದುವರಿಯದಂತೆ ಎಣ್ಣೆ ಸವರಿ, ಮೇಣ ಹಚ್ಚಿ ಬಿಟ್ಟೆವು.

ಜಾವಾ ಕಿಕ್ ಎಂದರೆ ಬೇರೆಯೇ ವಿದ್ಯೆ. ಕಿಕ್ಕಿನ ಕೋಲು ಪ್ರತ್ಯೇಕ ಇಲ್ಲ. ಎಡಗಡೆಯ ಗೇರಿನ ಕೋಲನ್ನೇ ಒಳಕ್ಕೆ ಒತ್ತಿ, ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರೆ ಅದೇ ಕಿಕ್ಕರ್. ತುಳಿದ ಮೇಲೆ ಅದೇ ಮತ್ತೆ ಗೇರಿನ ಕೋಲಾಗುತ್ತದೆ. ಮೇಸ್ತ್ರಿ ಕಾರ್ಬೊರೇಟರಿನ ಬಟನ್ ಒತ್ತಿ ಪೆಟ್ರೋಲು ತುಳುಕಿಸಿ, ನಿಧಾನವಾಗಿ ಎರಡು ತುಳಿತ ತುಳಿದು, ಮೂರನೆಯದಕ್ಕೆ ಮೈಭಾರ ಬಿಟ್ಟರು. ಒಂದು ಕೆಮ್ಮು. ಮತ್ತೊಮ್ಮೆ. ಆಮೇಲೆ ಸದ್ದು ಹಿಡಿಯಿತು. ಮೊದಲು ಬಲಗಡೆಯಿಂದ ನೀಲಿ ಹೊಗೆ, ಹಿಂದೆಯೇ ಎಡಗಡೆಯಿಂದ, ಕುಂಬಾರ ಹುಳದ ಗೂಡಿನ ಉಳಿದ ಮಣ್ಣು ಪುಡಿಯಾಗಿ ಹಾರಿತು.

ಆ ಸದ್ದನ್ನು ಜನ ಬುಲೆಟ್ಟಿನ ಸದ್ದಿನೊಂದಿಗೆ ಹೋಲಿಸುತ್ತಾರೆ. ಎರಡರ ತಾಳವೇ ಬೇರೆ. ಬುಲೆಟ್ ಎರಡು ಸುತ್ತಿಗೊಮ್ಮೆ ತಪ್ಪದೆ ಸಿಡಿಯುತ್ತದೆ. ಜಾವಾ ಸುತ್ತಿಗೊಂದರಂತೆ ಸಿಡಿಯಬೇಕಾದದ್ದು, ಆದರೆ ಸುಮ್ಮನೆ ನಿಂತಾಗ ಹಾಗೆ ಮಾಡುವುದಿಲ್ಲ. ಸುಟ್ಟ ಹೊಗೆ ಪೂರ್ತಿ ಹೊರಹೋಗದೆ ಹೊಸ ಗಾಳಿಯೊಂದಿಗೆ ಬೆರೆತು, ಒಂದು ಸಲ ಹತ್ತಿಕೊಂಡರೆ ಇನ್ನೊಂದು ಸಲ ತಪ್ಪುತ್ತದೆ, ಕೆಲವೊಮ್ಮೆ ಎರಡು ಸಲ ತಪ್ಪಿ ಮೂರನೆಯದಕ್ಕೆ ಜೋರಾಗಿ ಬರುತ್ತದೆ. ಹಾಗಾಗಿ ಆ ನಡೆ ಎಣಿಕೆಗೆ ಸಿಗದು. ಆಕ್ಸಿಲರೇಟರ್ ತಿರುಗಿಸಿದೊಡನೆ ತಪ್ಪಿದ ಪೆಟ್ಟುಗಳೆಲ್ಲ ಸಾಲಿಗೆ ಬಂದು ಒಂದೇ ನಾದವಾಗುತ್ತವೆ. ಚದುರಿದ್ದು ಕೂಡಿಬರುವ ಆ ತಿರುವನ್ನು ಕೇಳಲೆಂದೇ ನಾನು ಮತ್ತೆ ಮತ್ತೆ ಆಕ್ಸಿಲರೇಟರ್ ಬಿಟ್ಟು ಹಿಡಿಯುತ್ತೇನೆ.

ಓಡಿಸುವಾಗ ಇನ್ನೊಂದು ಸುಖ. ಗೇರಿನ ಕೋಲನ್ನು ಕಾಲು ಒತ್ತಿದೊಡನೆ ಒಳಗಿನ ಜೋಡಣೆಯೊಂದು ಕ್ಲಚ್ಚನ್ನು ತಾನೇ ಬಿಡಿಸುತ್ತದೆ. ಹೊರಟ ಮೇಲೆ ಎಡಗೈ ಕ್ಲಚ್ ಹಿಡಿಯದೆ ಗೇರು ಬದಲಿಸಬಹುದು. ಸ್ಟ್ರೋಕು ಉದ್ದವಾದ್ದರಿಂದ ಕಡಿಮೆ ವೇಗದಲ್ಲೂ ಎಳೆತ ಕುಂದುವುದಿಲ್ಲ. 16 ಇಂಚಿನ ಗಿಡ್ಡ ಚಕ್ರದ ಮೇಲೆ ಗಾಡಿ ನೆಲಕ್ಕೆ ಹತ್ತಿರ ಕೂತು ಸಾಗುತ್ತದೆ. ಶಿರಾಳಕೊಪ್ಪ ದಾಟಿ ಬಳ್ಳಿಗಾವಿ, ತಾಳಗುಂದದ ಕಡೆಗೆ, ಇಲ್ಲವೇ ಅಕ್ಕಮಹಾದೇವಿ ಹುಟ್ಟಿದ ಉಡುತಡಿಯ ಕಡೆಗೆ, ಯಾವ ದಾರಿ ಹಿಡಿದರೂ ಆತುರವೆನಿಸುವುದಿಲ್ಲ.

ಈಗ ಎಚ್ಚರ ವಹಿಸಬೇಕಾದದ್ದು ಪೆಟ್ರೋಲಿನ ವಿಷಯದಲ್ಲಿ. ಬಂಕಿನಲ್ಲಿ ಈಗ ಸಿಗುವುದು 20 ಪ್ರತಿಶತ ಎಥನಾಲ್ ಬೆರೆತದ್ದು. ಅದು ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಹಾಗಾಗಿ ಪೈಪು, ವಾಷರುಗಳನ್ನು ಅದನ್ನು ತಡೆಯುವಂಥವನ್ನೇ ಹಾಕಿಸಿದೆವು. ಲೀಟರಿಗೆ 40 ಮಿ.ಲೀ. ಟೂಟಿ ಆಯಿಲ್ ಅಳೆದು ಬೆರೆಸುವ ಕೆಲಸ ಮಾವನ ಮಗನದು. ಗಾಡಿ ನಿಲ್ಲಿಸುವ ಮೊದಲು ಕಾಕ್ ಮುಚ್ಚಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಉರಿದು ತಾನಾಗಿ ಆರುವವರೆಗೆ ಬಿಡಬೇಕೆಂದು ಮೇಸ್ತ್ರಿ ಅವನಿಗೆ ಹೇಳಿಕೊಟ್ಟಿದ್ದಾರೆ. ಮೊನ್ನೆ ಅವನು ಪ್ಲಗ್ ಬಿಚ್ಚಿ ಫೋಟೊ ಕಳಿಸಿದ್ದ. ತುದಿ ಕಪ್ಪಾಗಿದ್ದರೆ ಪೆಟ್ರೋಲು ಜಾಸ್ತಿ, ಬೆಳ್ಳಗಿದ್ದರೆ ಗಾಳಿ ಜಾಸ್ತಿ. ಇದು ಚೊಗರು ಕೊಟ್ಟು ಒಣಗಿಸಿದ ಕೆಂಪಡಿಕೆಯ ಬಣ್ಣಕ್ಕಿತ್ತು. ಸ್ಪೀಡೊಮೀಟರಿನ ಕೇಬಲ್ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದಾನಂತೆ.