ಇಲಿಯ ಚಿತ್ರ ಕಂಡ ಮಗು ಏನೆನ್ನುತ್ತದೆ?

ನಾವೆಲ್ಲ ಓದಿದ್ದರೂ ವಿಮರ್ಶೆಗೆ ಅಪರೂಪಕ್ಕೆ ಒಳಗಾಗುವ ಪಠ್ಯವೊಂದಿದೆ: ಗೋಡೆಗೆ ತೂಗುಹಾಕುವ ವರ್ಣಮಾಲೆಯ ಪಟ. ಅ ಅರಸ, ಆ ಆನೆ, ಇ ಇಲಿ. ಇದು ನಿಂತಿರುವುದು ಒಂದು ನಂಬಿಕೆಯ ಮೇಲೆ: ಚಿತ್ರ ಕಂಡ ಮಗು ಅದರ ಹೆಸರು ಹೇಳುತ್ತದೆ, ಹೆಸರಿನ ಮೊದಲ ದನಿ ಅಕ್ಷರಕ್ಕೆ ದಾರಿ ತೋರುತ್ತದೆ.

ಈ ನಂಬಿಕೆಯನ್ನು ಭದ್ರಾವತಿಗೆ ತಂದು ನೋಡಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಗಳ ಸುತ್ತ ಬೆಳೆದ ಊರಿದು; ಕನ್ನಡದ ಜೊತೆ ತಮಿಳು, ತೆಲುಗು, ಉರ್ದು ಮನೆಮಾತುಗಳು ಇಲ್ಲಿ ಅಕ್ಕಪಕ್ಕದಲ್ಲೇ ಇವೆ. ಇಲಿಯ ಚಿತ್ರಕ್ಕೆ ತಮಿಳು ಮನೆಯ ಮಗು 'ಎಲಿ' ಎನ್ನುತ್ತದೆ, ತೆಲುಗು ಮನೆಯದು 'ಎಲುಕ', ಉರ್ದು ಮನೆಯದು 'ಚೂಹಾ'. ಮೂವರೂ ಸರಿ, ಆದರೆ ಯಾರಿಗೂ 'ಇ' ಸಿಗಲಿಲ್ಲ. ಶಿವಮೊಗ್ಗದ ಕನ್ನಡ ಮನೆಯ ಮಗುವಿಗೂ ಕಷ್ಟ ತಪ್ಪಿದ್ದಲ್ಲ. ಕಿರೀಟ ತೊಟ್ಟವನು ಅದಕ್ಕೆ 'ರಾಜ', 'ಅರಸ' ಅಲ್ಲ. ಸಕ್ಕರೆಬೈಲಿನ ಬಿಡಾರದಲ್ಲಿ ಕಂಡ ಆನೆ ಮಾತ್ರ ಪಟದ ಮಾನ ಉಳಿಸುತ್ತದೆ. ಇನ್ನು ಣ, ಳಗಳಿಂದ ಶುರುವಾಗುವ ಬಳಕೆಯ ಪದಗಳಿಲ್ಲದೆ ಪಟ 'ಬಾಣ', 'ಕೊಳ'ಗಳ ಮೊರೆಹೋಗಿ ತನ್ನ ನಿಯಮವನ್ನು ತಾನೇ ಮುರಿಯುತ್ತದೆ.

ಅನುಕ್ರಮದ ಪ್ರಶ್ನೆ ಇನ್ನೂ ದೊಡ್ಡದು. ಸ್ವರ, ವರ್ಗ, ಅಲ್ಪಪ್ರಾಣ, ಮಹಾಪ್ರಾಣ ಎಂದು 49 ಅಕ್ಷರಗಳನ್ನು ಜೋಡಿಸಿದ ವರ್ಣಮಾಲೆ ದನಿಗಳ ನಕ್ಷೆ. ವೈಯಾಕರಣರ ಕಿವಿಗೆ ಅದು ಸೊಗಸು. ಆದರೆ ಅಕ್ಷರ ಗುರುತಿಸುವುದು ಮೊದಲು ಕಣ್ಣಿನ ಕೆಲಸ. ಥ, ದ, ಧ ಸಾಲಾಗಿ ಬಂದಾಗ ಒಂದು ಚುಕ್ಕೆ, ಒಂದು ಪುಟ್ಟ ಗೆರೆಯಷ್ಟೇ ವ್ಯತ್ಯಾಸ. ಹಾಡಿನಂತೆ ಒಪ್ಪಿಸುವ ಮಗುವಿಗೆ ನಡುವಿನ ಒಂದಕ್ಷರ ತೋರಿಸಿ, ಅದು ಮತ್ತೆ 'ಅ'ದಿಂದ ಹೊರಡುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಈ ಸರವನ್ನು ಬಿಚ್ಚಿತು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರ ಕಲಿತರೆ ಸರ, ದರ, ಅಗಸ, ಗರಗಸ ಓದಬಹುದು. 'ಅರಸ'ನೂ ಬರುತ್ತಾನೆ, ಈ ಸಲ ಮಗುವೇ ಕೂಡಿಸಿಕೊಂಡ ಪದವಾಗಿ. ಮಿತಿಯೂ ಸ್ಪಷ್ಟವಿದೆ: ಕಾಗುಣಿತ, ಒತ್ತಕ್ಷರಗಳಿಲ್ಲದ ಪದಗಳು ಮಗುವಿನ ಮಾತಿಗಿಂತ ಬಡವು. ಅಗಸ ಎಂದರೆ ಯಾರೆಂದು ಇಂದಿನ ಎಷ್ಟು ಮಕ್ಕಳಿಗೆ ಗೊತ್ತು?

ಆ ಬಡತನವನ್ನು ಊರು ತುಂಬಬಲ್ಲದು. ಶಿವಮೊಗ್ಗ–ಭದ್ರಾವತಿ ಬಸ್ಸಿನ ಫಲಕದಲ್ಲಿ ಮಹಾಪ್ರಾಣವೂ ಇದೆ, ಒತ್ತಕ್ಷರವೂ ಇದೆ. ಪಾಠದ ಲೆಕ್ಕದಲ್ಲಿ ಕಠಿಣ. ಆದರೆ ಮನೆಮಾತು ಯಾವುದೇ ಇರಲಿ, ಊರಿನ ಹೆಸರು ಎಲ್ಲ ಮಕ್ಕಳಿಗೂ ಒಂದೇ. ಇಲಿ ಕೊಡಲಾಗದ ಆ ಮೊದಲ ದನಿಯನ್ನು ಫಲಕ ಕೊಡುತ್ತದೆ.

ವರ್ಣಮಾಲೆ ಬೇಡವೆಂದಲ್ಲ. ನಿಘಂಟು ತೆರೆಯುವ ದಿನ ಅದು ಬೇಕೇ ಬೇಕು. ಅಕ್ಷರಗಳ ಗುರುತು ಹತ್ತಿದ ಮೇಲೆ ಕಲಿತರೆ, ಅದರ ಕ್ರಮದ ಚೆಲುವೂ ಮಗುವಿಗೆ ದಕ್ಕೀತು.