ಆಂಪ್ಲಿಫೈಯರ್‌ಗೆ ಜಾಗವಷ್ಟೇ ಸಾಲದು, ಗಾಳಿಯ ದಾರಿ ಬೇಕು

ಹೊಸ ಮನೆ ಕಟ್ಟಿಸುವವರು ಹಾಲಿನ ಒಂದು ಗೋಡೆಯನ್ನು ಷೋಕೇಸಿಗೆ ಮೀಸಲಿಡುವುದು ಈಗ ವಾಡಿಕೆ. ನಡುವೆ ಟಿ.ವಿ., ಅದರ ಕೆಳಗಿನ ಗೂಡುಗಳಲ್ಲಿ ಆಂಪ್ಲಿಫೈಯರ್, ಸೆಟ್‌ಟಾಪ್ ಬಾಕ್ಸ್, ವೈ-ಫೈ ರೂಟರ್. ಧೂಳು ಕೂರಬಾರದೆಂದು ಗಾಜಿನ ಬಾಗಿಲು, ವೈರುಗಳಿಗೆಂದು ಹಿಂದೆ ಒಂದು ಸಣ್ಣ ತೂತು. ನೋಡಲು ಅಚ್ಚುಕಟ್ಟು. ಆದರೆ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆಂಪ್ಲಿಫೈಯರ್ ನಡುನಡುವೆ ತಾನೇ ನಿಂತುಹೋಗತೊಡಗುತ್ತದೆ, ಇಲ್ಲವೇ ಹಾಡಿನ ಹಿಂದೆ 'ಗುಂಯ್' ಎಂಬ ಸದ್ದು ಸೇರಿಕೊಳ್ಳುತ್ತದೆ. ದೋಷವನ್ನು ನಾವು ತಯಾರಕರ ಮೇಲೆ ಹೊರಿಸುತ್ತೇವೆ. ನಿಜವಾದ ದೋಷ ಎಷ್ಟೋ ಸಲ ಉಪಕರಣದಲ್ಲಿರುವುದಿಲ್ಲ, ಅದನ್ನು ಕೂರಿಸಿದ ಗೂಡಿನಲ್ಲಿರುತ್ತದೆ.

ಇಲ್ಲಿ ಮೂರು ಸಂಗತಿಗಳನ್ನು ವಿಮರ್ಶಿಸೋಣ: ಉಪಕರಣದ ಕೈಪಿಡಿ ಹೇಳುವ ಮಾತು, ಷೋಕೇಸಿನ ವಿನ್ಯಾಸ, ಮತ್ತು ಉಷ್ಣದ ಬಗ್ಗೆ ನಮ್ಮ ತರಗತಿಗಳು ಕಲಿಸುವ ಪಾಠ. ಮೂರರಲ್ಲೂ ಒಂದೇ ಕೊರತೆ ಇದೆ. ಮೂರೂ ಗಾಳಿಯನ್ನು ಒಂದು 'ಜಾಗ'ವೆಂದು ಕಾಣುತ್ತವೆ, 'ಹರಿವು' ಎಂದು ಕಾಣುವುದಿಲ್ಲ.

ಉಷ್ಣ ಬರುವುದು ಎಲ್ಲಿಂದ?

ಗೋಡೆಯ ಪ್ಲಗ್ಗಿನಿಂದ ಆಂಪ್ಲಿಫೈಯರ್ ಪಡೆಯುವ ವಿದ್ಯುತ್ ಶಕ್ತಿಯಲ್ಲಿ ಒಂದು ಭಾಗ ಮಾತ್ರ ಸ್ಪೀಕರಿಗೆ ಹೋಗುತ್ತದೆ. ಉಳಿದದ್ದು ಪೆಟ್ಟಿಗೆಯೊಳಗೇ ಉಷ್ಣವಾಗುತ್ತದೆ. ಬಿ ವರ್ಗದ ಆದರ್ಶ ಆಂಪ್ಲಿಫೈಯರಿನ ಗರಿಷ್ಠ ದಕ್ಷತೆ 78.5 ಶೇಕಡ. ಅದೂ ಪೂರ್ಣ ಶಕ್ತಿಯಲ್ಲಿ ಹಾಡುವಾಗ ಮಾತ್ರ. ಎ ವರ್ಗದ್ದಕ್ಕೆ ಸಿದ್ಧಾಂತದ ಮಿತಿಯೇ 50 ಶೇಕಡ. ಜೊತೆಗೆ ಹಾಡು ನಿಂತಿದ್ದಾಗಲೇ ಅದು ಅತಿ ಹೆಚ್ಚು ಬಿಸಿಯಾಗಿರುತ್ತದೆ.

'ನಾವು ಜೋರಾಗಿ ಹಾಕುವುದೇ ಇಲ್ಲ, ಬಿಸಿ ಏಕಾಗಬೇಕು?' ಎಂದು ಕೇಳುವವರುಂಟು. ಪದವಿ ತರಗತಿಯ ಒಂದು ಲೆಕ್ಕ ಇದಕ್ಕೆ ಉತ್ತರ ಕೊಡುತ್ತದೆ. ಬಿ ವರ್ಗದ ಜೋಡಿ ಟ್ರಾನ್ಸಿಸ್ಟರುಗಳಲ್ಲಿ ಉಷ್ಣನಷ್ಟ ಗರಿಷ್ಠವಾಗುವುದು ಪೂರ್ಣ ಶಕ್ತಿಯಲ್ಲಲ್ಲ, ಅದರ ಸುಮಾರು 40 ಶೇಕಡದಲ್ಲಿ. ಆಗ ದಕ್ಷತೆ 50 ಶೇಕಡಕ್ಕೆ ಇಳಿದಿರುತ್ತದೆ. ಸ್ಪೀಕರಿಗೆ ಹೋದಷ್ಟೇ ಶಕ್ತಿ ಟ್ರಾನ್ಸಿಸ್ಟರುಗಳಲ್ಲೂ ವ್ಯಯವಾಗುತ್ತದೆ. ಮನೆಗಳಲ್ಲಿ ಸಾಮಾನ್ಯವಾದ ಎಬಿ ವರ್ಗದಲ್ಲಿ ಹಾಡಿಲ್ಲದಾಗಲೂ ಸ್ವಲ್ಪ ವಿದ್ಯುತ್ ಹರಿಯುತ್ತಿರುವುದರಿಂದ ಮೌನದಲ್ಲೂ ಉಷ್ಣ ತಪ್ಪಿದ್ದಲ್ಲ.

ಈ ಉಷ್ಣಕ್ಕೆ ಮೊದಲು ಬಲಿಯಾಗುವುದು ಟ್ರಾನ್ಸಿಸ್ಟರ್ ಅಲ್ಲ, ಎಲೆಕ್ಟ್ರೊಲೈಟಿಕ್ ಕೆಪಾಸಿಟರ್. ಅದರೊಳಗಿನ ದ್ರವ ನಿಧಾನವಾಗಿ ಆವಿಯಾಗಿ ಹೊರಹೋಗುತ್ತದೆ. ತಾಪ 10 ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆ ಎಂಬುದು ತಂತ್ರಜ್ಞರು ಬಳಸುವ ಸ್ಥೂಲ ನಿಯಮ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಕೆಪಾಸಿಟರ್ 65 ಡಿಗ್ರಿಯಲ್ಲಿ ಸುಮಾರು 32,000 ಗಂಟೆ, 85 ಡಿಗ್ರಿಯಲ್ಲಿ ಸುಮಾರು 8000 ಗಂಟೆ ಬಾಳುತ್ತದೆ. ದಿನಕ್ಕೆ ಐದು ಗಂಟೆ ಬಳಸಿದರೆ ಮೊದಲನೆಯದು 17 ವರ್ಷ, ಎರಡನೆಯದು ನಾಲ್ಕೇ ವರ್ಷ. ಮೇಲೆ ಹೇಳಿದ 'ಗುಂಯ್' ಸದ್ದು ಹೆಚ್ಚಾಗಿ ಸೊರಗಿದ ಕೆಪಾಸಿಟರಿನ ದನಿ.

ಕೈಪಿಡಿಯ ಹತ್ತು ಸೆಂಟಿಮೀಟರ್

'ಉಪಕರಣದ ಸುತ್ತ 10 ಸೆಂಟಿಮೀಟರ್ ಜಾಗ ಬಿಡಿ' ಎಂಬ ಅರ್ಥದ ಸೂಚನೆ ಹಲವು ಕೈಪಿಡಿಗಳಲ್ಲಿರುತ್ತದೆ. ಮೇಲೆ ಪತ್ರಿಕೆ, ಮೇಜಿನ ಬಟ್ಟೆ, ಪರದೆ ಹೊದಿಸಬೇಡಿ ಎಂಬ ಎಚ್ಚರಿಕೆಯೂ ಇರುತ್ತದೆ. ಇವು ತಪ್ಪಲ್ಲ. ಆದರೆ ಕೈಪಿಡಿ ಅಂಕಿಯನ್ನು ಕೊಡುತ್ತದೆಯೇ ಹೊರತು ಕಾರಣವನ್ನು ಕೊಡುವುದಿಲ್ಲ. ಕಾರಣ ತಿಳಿಯದ ಬಳಕೆದಾರ ಅಂಕಿಯನ್ನು ಪಾಲಿಸಿ ಉದ್ದೇಶವನ್ನು ಕೆಡಿಸುತ್ತಾನೆ. ನಾಲ್ಕೂ ಕಡೆ 10 ಸೆಂಟಿಮೀಟರ್ ಬಿಟ್ಟು ಗೂಡು ಮಾಡಿಸಿ ಅದಕ್ಕೆ ಗಾಜಿನ ಬಾಗಿಲು ಹಾಕಿದರೆ ಸೂಚನೆಯನ್ನು ಅಕ್ಷರಶಃ ಪಾಲಿಸಿದಂತೆಯೇ ಆಯಿತು. ಆದರೆ ಆ ಗಾಳಿ ಹೊರಗೆ ಹೋಗುವುದು ಎಲ್ಲಿಂದ?

ಎರಡನೆಯ ಆಕ್ಷೇಪ ತಾಪಕ್ಕೆ ಸಂಬಂಧಿಸಿದ್ದು. ಬಳಕೆಯ ಗರಿಷ್ಠ ತಾಪ 35 ಡಿಗ್ರಿ ಸೆಲ್ಸಿಯಸ್ ಎಂದು ಕೆಲವು ಕೈಪಿಡಿಗಳು ನಮೂದಿಸುತ್ತವೆ. ಇದು ಊರಿನ ತಾಪವೂ ಅಲ್ಲ, ಕೋಣೆಯ ತಾಪವೂ ಅಲ್ಲ. ಉಪಕರಣವನ್ನು ಸುತ್ತುವರಿದ ಗಾಳಿಯ ತಾಪ. ರಾಯಚೂರು, ಕಲಬುರಗಿಗಳಲ್ಲಿ ಬೇಸಿಗೆಯ ಹಗಲು 40 ಡಿಗ್ರಿ ದಾಟುತ್ತದೆ. ಅಲ್ಲಿನ ಬಳಕೆದಾರನಿಗೆ ಈ ಸಾಲಿನಿಂದ ಸಿಗುವ ಮಾರ್ಗದರ್ಶನ ಏನೂ ಇಲ್ಲ. ಸಾಲದ್ದಕ್ಕೆ ಕೈಪಿಡಿ ಕನ್ನಡದಲ್ಲಿರುವುದೇ ಅಪರೂಪ.

ಮುಚ್ಚಿದ ಗೂಡಿನ ಲೆಕ್ಕ

ಈಗ ಷೋಕೇಸಿಗೆ ಬರೋಣ. 50 ಸೆಂ.ಮೀ. ಅಗಲ, 40 ಸೆಂ.ಮೀ. ಆಳ, 25 ಸೆಂ.ಮೀ. ಎತ್ತರದ ಪ್ಲೈವುಡ್ ಗೂಡು. ಹಲಗೆಯ ದಪ್ಪ 18 ಮಿ.ಮೀ. ಒಳಗಿರುವ ಉಪಕರಣದಿಂದ 60 ವಾಟ್ ಉಷ್ಣ ಹೊರಬೀಳುತ್ತಿದೆ ಎಂದುಕೊಳ್ಳಿ. ಬಾಗಿಲು ಮುಚ್ಚಿದ್ದರೆ ಈ ಉಷ್ಣ ಹಲಗೆಯ ಮೂಲಕವೇ ಹೊರಹೋಗಬೇಕು. ಪ್ಲೈವುಡ್ಡಿನ ಉಷ್ಣವಾಹಕತೆ ಮೀಟರಿಗೆ, ಕೆಲ್ವಿನ್ನಿಗೆ ಸುಮಾರು 0.13 ವಾಟ್. ಹಲಗೆಯ ಒಳಗೆ, ಹೊರಗೆ ಅಂಟಿಕೊಂಡಿರುವ ತೆಳು ಗಾಳಿಪದರಗಳ ತಡೆಯನ್ನೂ ಸೇರಿಸಿದರೆ, ಪ್ರತಿ ಚದರ ಮೀಟರಿನಿಂದ ಪ್ರತಿ ಡಿಗ್ರಿ ತಾಪ ವ್ಯತ್ಯಾಸಕ್ಕೆ ಸುಮಾರು 2.6 ವಾಟ್ ಮಾತ್ರ ಹೊರಹೋಗಬಲ್ಲದು.

ಗೂಡಿನ ಆರೂ ಮುಖಗಳ ಒಟ್ಟು ವಿಸ್ತೀರ್ಣ 0.85 ಚದರ ಮೀಟರ್. ಆರೂ ಮುಖಗಳಿಗೆ ಕೋಣೆಯ ಗಾಳಿ ತಾಗುತ್ತಿದ್ದರೆ ಒಳಗಿನ ತಾಪ ಕೋಣೆಗಿಂತ 27 ಡಿಗ್ರಿ ಹೆಚ್ಚಾಗಿರುತ್ತದೆ. ಆದರೆ ಷೋಕೇಸಿನ ಗೂಡಿಗೆ ಹಿಂದೆ ಗೋಡೆ, ಪಕ್ಕದಲ್ಲಿ ಇನ್ನೊಂದು ಗೂಡು. ಅರ್ಧದಷ್ಟು ಮುಖ ಮಾತ್ರ ಕೆಲಸಕ್ಕೆ ಬಂದರೆ ಏರಿಕೆ 54 ಡಿಗ್ರಿ. ಕೋಣೆ 32 ಡಿಗ್ರಿ ಇದ್ದರೆ ಗೂಡಿನ ಗಾಳಿ 86 ಡಿಗ್ರಿ! ಈ ಸ್ಥಿತಿ ಮುಟ್ಟಲು ಹಲವು ಗಂಟೆ ಬೇಕು. ಒಳ್ಳೆಯ ಉಪಕರಣವಾದರೆ ಅಷ್ಟರೊಳಗೆ ಅದರ ರಕ್ಷಣಾ ಮಂಡಲ ವಿದ್ಯುತ್ತನ್ನು ಕಡಿದು 'ನಿಂತುಹೋಗುತ್ತದೆ'. ರಕ್ಷಣೆ ಇಲ್ಲದ ಅಗ್ಗದ ಉಪಕರಣವಾದರೆ ವೈರಿನ ನಿರೋಧಕ ಕವಚ ಕೆಟ್ಟು ಬೆಂಕಿಯ ಅಪಾಯಕ್ಕೂ ದಾರಿಯಾಗಬಹುದು.

ಎಷ್ಟು ಗಾಳಿ, ಎಷ್ಟು ದೊಡ್ಡ ಕಿಂಡಿ?

ಇದೇ 60 ವಾಟನ್ನು ಹರಿಯುವ ಗಾಳಿ ಹೊತ್ತೊಯ್ಯಲಿ, ಗಾಳಿಯ ತಾಪ 10 ಡಿಗ್ರಿಗಿಂತ ಹೆಚ್ಚು ಏರದಿರಲಿ ಎಂದು ಬಯಸೋಣ. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿಲೋಗ್ರಾಂ, ವಿಶಿಷ್ಟೋಷ್ಣ ಸುಮಾರು 1000 ಜೂಲ್. ಭಾಗಿಸಿದರೆ ಸೆಕೆಂಡಿಗೆ ಐದು ಲೀಟರ್ ಗಾಳಿ ಸಾಕು. ದೊಡ್ಡ ಮೊತ್ತವೇನಲ್ಲ.

ಈ ಗಾಳಿಯನ್ನು ತಳ್ಳುವವರು ಯಾರು? ಬಿಸಿ ಗಾಳಿ ಹಗುರವಾದ್ದರಿಂದ ಹುಟ್ಟುವ ಒತ್ತಡದ ವ್ಯತ್ಯಾಸ. ಕೆಳಗಿನ ಮತ್ತು ಮೇಲಿನ ಕಿಂಡಿಗಳ ನಡುವೆ 20 ಸೆಂ.ಮೀ. ಎತ್ತರವಿದ್ದು ಒಳಗಿನ ಗಾಳಿ 10 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಈ ಒತ್ತಡ 0.08 ಪಾಸ್ಕಲ್‌ನಷ್ಟು. ಒಂದು ಕಾಗದದ ಹಾಳೆ ಮೇಜಿನ ಮೇಲೆ ಒತ್ತುವ ಒತ್ತಡಕ್ಕಿಂತಲೂ ಇದು ಕಡಿಮೆ. ಇಷ್ಟು ಕ್ಷೀಣ ಬಲದಿಂದ ಐದು ಲೀಟರ್ ಹರಿಯಬೇಕಾದರೆ ಪ್ರತಿ ಕಿಂಡಿಯೂ ಸುಮಾರು 330 ಚದರ ಸೆಂ.ಮೀ. ಇರಬೇಕು. ಅಂದರೆ ಗೂಡಿನ ಪೂರ್ತಿ ಅಗಲಕ್ಕೆ ಆರೇಳು ಸೆಂ.ಮೀ. ಎತ್ತರದ ಒಂದು ಪಟ್ಟಿ ಕೆಳಗೆ, ಇನ್ನೊಂದು ಮೇಲೆ. ಬಡಗಿ ವೈರಿಗೆಂದು ಕೊರೆಯುವ 5 ಸೆಂ.ಮೀ. ವ್ಯಾಸದ ತೂತಿನ ವಿಸ್ತೀರ್ಣ 20 ಚದರ ಸೆಂ.ಮೀ. ಮಾತ್ರ. ಷೋಕೇಸಿನ ವಿನ್ಯಾಸಕ್ಕೆ ಇದಕ್ಕಿಂತ ಕಟುವಾದ ಟೀಕೆ ಬೇಕಿಲ್ಲ.

ಸಮೀಕರಣದಲ್ಲೇ ಪರಿಹಾರವೂ ಇದೆ. ಒತ್ತಡ ಎತ್ತರಕ್ಕೆ ಅನುಪಾತದಲ್ಲಿದೆ. ಷೋಕೇಸನ್ನು ಗೋಡೆಗೆ ಅಂಟಿಸದೆ ಎಂಟು ಹತ್ತು ಸೆಂ.ಮೀ. ಮುಂದಕ್ಕೆ ನಿಲ್ಲಿಸಿ, ಗೂಡಿನ ಮೇಲಿನ ಕಿಂಡಿಯನ್ನು ಆ ಸಂದಿಗೆ ತೆರೆದು, ಸಂದಿಯ ನೆತ್ತಿಯನ್ನು ಮುಚ್ಚದೆ ಬಿಟ್ಟರೆ ಅದೇ ಒಂದು ಚಿಮಣಿ. ಎತ್ತರ ಒಂದು ಮೀಟರಾದರೆ ಕಿಂಡಿಯ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆ ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರ ರೂಪಿಸಿದ ಅಸ್ತ್ರ ಒಲೆಯಲ್ಲಿ ಹೊಗೆಯನ್ನು ಹೊರಗೆಳೆಯುವುದು ಇದೇ ತತ್ವ. ನಮ್ಮ ಹಳೆಯ ಮನೆಗಳ ಅಡುಗೆಕೋಣೆಯ ಮಾಡಿನಲ್ಲಿ ಕಿಂಡಿ ಬಿಡುತ್ತಿದ್ದವರಿಗೂ ಇದು ಅನುಭವದಿಂದ ಗೊತ್ತಿತ್ತು. ವಾಲ್ವ್ ರೇಡಿಯೋಗಳ ಬೆನ್ನಿಗೆ ತೂತುಗಳ ಹಲಗೆ ಇರುತ್ತಿತ್ತು. ಒಳಗೆ ಕೆಂಪಗೆ ಹೊಳೆಯುವ ವಾಲ್ವ್ ಕಣ್ಣಿಗೆ ಕಾಣುತ್ತಿದ್ದುದರಿಂದ ಜನ ಎಚ್ಚರದಿಂದಿರುತ್ತಿದ್ದರು. ಟ್ರಾನ್ಸಿಸ್ಟರ್ ಹೊಳೆಯುವುದಿಲ್ಲ, ನಾವು ಮರೆತೆವು.

ಕೆಲವು ಅರೆಬರೆ ಪರಿಹಾರಗಳು

ಮುಚ್ಚಿದ ಗೂಡಿನೊಳಗೆ ಸಣ್ಣ ಫ್ಯಾನ್ ಇಟ್ಟರೆ ಬಿಸಿ ಗಾಳಿ ಅಲ್ಲೇ ಸುತ್ತುತ್ತದೆ, ಫ್ಯಾನಿನ ವಾಟುಗಳೂ ಅದಕ್ಕೆ ಸೇರುತ್ತವೆ. ಫ್ಯಾನ್ ಇಡುವುದಾದರೆ ಮೇಲಿನ ಕಿಂಡಿಯಲ್ಲಿ, ಗಾಳಿಯನ್ನು ಹೊರಹಾಕುವಂತೆ ಇರಬೇಕು. ಕೆಳಗೆ ಒಳಬರುವ ದಾರಿಯೂ ಇರಬೇಕು.

ಗಾಜಿನ ಬಾಗಿಲು ಅವಕೆಂಪು ಕಿರಣಗಳನ್ನು ತಡೆಯುವುದರಿಂದ ಬಿಸಿ ಹೆಚ್ಚುತ್ತದೆ ಎನ್ನುವ ವಿವರಣೆಯೂ ಪೂರ್ತಿ ಸರಿಯಲ್ಲ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಒಂದು ಪೆಟ್ಟಿಗೆಗೆ ಗಾಜನ್ನೂ ಇನ್ನೊಂದಕ್ಕೆ ಅವಕೆಂಪು ಕಿರಣಗಳನ್ನು ಹೊರಬಿಡುವ ಕಲ್ಲುಪ್ಪಿನ ಫಲಕವನ್ನೂ ಮುಚ್ಚಿ ಬಿಸಿಲಿಗಿಟ್ಟು ನೋಡಿದರು. ಎರಡೂ ಹೆಚ್ಚುಕಡಿಮೆ ಸಮನಾಗಿ ಕಾದವು. ಮುಖ್ಯವಾಗಿ ಕೆಲಸ ಮಾಡಿದ್ದು ಗಾಳಿಯ ಹರಿವಿಗೆ ಬಿದ್ದ ತಡೆ. ನಮ್ಮ ಗೂಡಿನ ಬಾಗಿಲು ಗಾಜಿನದಾದರೂ ಮರದ್ದಾದರೂ ವ್ಯತ್ಯಾಸ ಅಲ್ಪ. ಮುಚ್ಚಿದೆಯೇ ಇಲ್ಲವೇ ಎಂಬುದೇ ಪ್ರಶ್ನೆ.

ಜಾಗ ಉಳಿಸಲು ಆಂಪ್ಲಿಫೈಯರನ್ನು ಪಕ್ಕಕ್ಕೆ ಮಗುಚಿ ನಿಲ್ಲಿಸುವುದೂ ಸಲ್ಲದು. ಲಂಬವಾಗಿರಬೇಕಾದ ಉಷ್ಣಶೋಷಕದ ರೆಕ್ಕೆಗಳು ಆಗ ಅಡ್ಡವಾಗಿ, ಏರುವ ಗಾಳಿಗೆ ತಾವೇ ಅಡ್ಡಿಯಾಗಬಹುದು. ಆಂಪ್ಲಿಫೈಯರಿನ ನೆತ್ತಿಯ ಮೇಲೆ ಸೆಟ್‌ಟಾಪ್ ಬಾಕ್ಸ್ ಇಟ್ಟರೆ ಎರಡಕ್ಕೂ ಹಾನಿ. ಒಂದರ ಮೇಲೊಂದು ಇಡುವುದು ಅನಿವಾರ್ಯವಾದರೆ ಹೆಚ್ಚು ಬಿಸಿಯಾಗುವುದೇ ಮೇಲಿರಲಿ, ನಡುವೆ ಗಾಳಿಗೆ ಅಂತರವಿರಲಿ.

ಡಿ ವರ್ಗದ ಹೊಸ ಆಂಪ್ಲಿಫೈಯರುಗಳ ದಕ್ಷತೆ 90 ಶೇಕಡ ಮುಟ್ಟುತ್ತದೆ, ಇನ್ನು ಈ ಚಿಂತೆ ಏಕೆ ಎನ್ನಬಹುದು. ಮಾತಿನಲ್ಲಿ ಹುರುಳಿದೆ. ಆದರೆ ಅದೇ ಗೂಡಿನಲ್ಲಿ ಈಗ ಹಗಲಿರುಳೂ ಉರಿಯುವ ರೂಟರ್, ಸೆಟ್‌ಟಾಪ್ ಬಾಕ್ಸ್‌ಗಳು ಸೇರಿವೆ. ದಕ್ಷತೆ ಹೆಚ್ಚಿದಂತೆ ಪೆಟ್ಟಿಗೆಗಳೂ ಕಿರಿದಾಗಿ ಉಷ್ಣ ಬಿಡುವ ಮೈ ಕುಗ್ಗಿದೆ.

ತರಗತಿಯ ಹೊಣೆ

ವಹನ, ಸಂವಹನ, ವಿಕಿರಣ ಎಂಬ ಮೂರು ವ್ಯಾಖ್ಯೆಗಳನ್ನು ನಮ್ಮ ವಿದ್ಯಾರ್ಥಿಗಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಸಂವಹನಕ್ಕೆ ಉದಾಹರಣೆ ಕೇಳಿದರೆ ಕಡಲ ಗಾಳಿ, ನೆಲದ ಗಾಳಿ ಎನ್ನುತ್ತಾರೆ. ಕಡಲನ್ನೇ ಕಾಣದ ಬೀದರಿನ ಮಗುವಿಗೂ ಇದೇ ಉದಾಹರಣೆ. ಅದೇ ಮಗುವಿನ ಮನೆಯ ಷೋಕೇಸಿನಲ್ಲಿ ಸಂವಹನ ಪ್ರತಿದಿನ ನಡೆಯುತ್ತಿರುತ್ತದೆ, ಅಥವಾ ನಡೆಯಲಾಗದೆ ಉಪಕರಣ ಸಾಯುತ್ತಿರುತ್ತದೆ. ಪಾಠಕ್ಕೂ ಮನೆಗೂ ನಡುವಿನ ಈ ಅಂತರಕ್ಕೆ ಕೈಪಿಡಿಯನ್ನೋ ಬಡಗಿಯನ್ನೋ ದೂರಿ ಪ್ರಯೋಜನವಿಲ್ಲ. ಆ ಬಡಗಿಯೂ ಒಮ್ಮೆ ನಮ್ಮದೇ ಬೆಂಚಿನ ಮೇಲೆ ಕುಳಿತು ಈ ವ್ಯಾಖ್ಯೆಗಳನ್ನು ಬರೆದುಕೊಂಡವನಿರಬಹುದು.

ಶಿಕ್ಷಕರು ಒಂದು ಪ್ರಯೋಗ ಮಾಡಿಸಬಹುದು. ಉಪಕರಣವಿರುವ ಗೂಡಿನ ತಳದಲ್ಲಿ, ನೆತ್ತಿಯಲ್ಲಿ, ಕೋಣೆಯ ನಡುವೆ ಒಂದೊಂದು ತಾಪಮಾಪಕ ಇಡಿ. ಉಪಕರಣದ ಒಳಕ್ಕೆ ಏನನ್ನೂ ತೂರಿಸುವುದು ಬೇಡ. ಬಾಗಿಲು ಮುಚ್ಚಿ ಒಂದು ಗಂಟೆ ಹಾಡು ಹಾಕಿ, ಹತ್ತು ನಿಮಿಷಕ್ಕೊಮ್ಮೆ ಅಳತೆ ಬರೆದುಕೊಳ್ಳಿ. ಎಲ್ಲವೂ ತಣಿದ ಮೇಲೆ ಬಾಗಿಲು ತೆರೆದು ಮತ್ತೆ ಅಳೆಯಿರಿ. ಎರಡೂ ರೇಖೆಗಳನ್ನು ಒಂದೇ ಗ್ರಾಫ್ ಹಾಳೆಯ ಮೇಲೆ ಎಳೆದು, ನೆತ್ತಿಯ ತಾಪ ಕೋಣೆಗಿಂತ 10 ಡಿಗ್ರಿಗೂ ಹೆಚ್ಚಿದ್ದರೆ ಹಾಳೆಯನ್ನು ಮನೆಯ ಹಿರಿಯರಿಗೆ ತೋರಿಸಲು ವಿದ್ಯಾರ್ಥಿಗೆ ಹೇಳಿ. ಮುಂದಿನ ಷೋಕೇಸಿನ ನಕ್ಷೆಯಲ್ಲಿ ಕೆಳಗೊಂದು, ಮೇಲೊಂದು ಕಿಂಡಿ ಬರಲು ಆ ಹಾಳೆಯೇ ಸಾಕಾಗಬಹುದು.